ಬೆಣೆಗೂ ಕುಂಕುಮ

ಸೆಪ್ಟೆಂಬರ್ 8, ಭಾನುವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕೋಳಿ ಕೆದಕಿದ ಹಾಗಿದೆ ಅಕ್ಷರ. ಇರಲಿ. ಓದುವವಳು ನಾನೊಬ್ಬಳೇ.

ಬಾಗಲಗುಂಟೆಯ ಕಾರ್ಮಿಕ ಸಂಘದ ಕಚೇರಿಯಲ್ಲಿ ಫೋಟೋ ತರಗತಿ ಶುರುವಾಯಿತು. ಅಧ್ಯಕ್ಷ ಚಿಕ್ಕಬೈರಪ್ಪಣ್ಣ ಬಲವಂತವಾಗಿ ನನ್ನ ಹೆಸರು ಸೇರಿಸಿದ್ದ. "ರೂಮಲ್ಲಿ ಕುಂತು ಗೋಡೆ ನೋಡೋ ಬದ್ಲು ಬಾ ಮಗಾ. ನಿನ್ನಂತೋರು ಕಲೀಬೇಕು." ನನ್ನಂಥವರು ಅಂದರೆ ಪೀಣ್ಯದ ಕಾರ್ಖಾನೆಗಳ ತಗಡು ಒತ್ತುವ ಪ್ರೆಸ್ಸಿಗೆ ಬೆರಳು ಕೊಟ್ಟವರು. ನಾನು ಕೊಟ್ಟದ್ದು ಬಲಗೈಯ ತೋರುಬೆರಳು, ನಡುಬೆರಳು. ಜುಲೈಯಲ್ಲಿ.

ವೈಟ್‌ಫೀಲ್ಡಿನ ಯಾವುದೋ ಕಂಪನಿ ಹಳೆಯ ಕ್ಯಾಮೆರಾಗಳನ್ನು ದಾನ ಮಾಡಿದೆ. ಹಂಚಲು ಬಂದ ಮಲ್ಲಿಕ್ ಅನ್ನುವವನು ನನ್ನ ಮುಂದೆ ಬಂದು ನಿಂತ. "ಮೇಡಂ, ನಿಮ್ದೊಂದು ಪಿಕ್ಚರ್ ತಗೋತೀನಿ. ಕೈ ಸ್ವಲ್ಪ ಮೇಲೆ ಹಿಡೀರಿ. ಇನ್ನೂ ಸ್ವಲ್ಪ. ಫೇಸ್ ಬೇಡ, ಫೇಸ್ ಬೇಡ." ನಾನು ಹೂಂ ಅನ್ನುವ ಮೊದಲೇ ತೆಗೆದಾಗಿತ್ತು.

ಇರುವ ಮುಖ ಬೇಡವಂತೆ. ಇಲ್ಲದ ಬೆರಳು ಬೇಕಂತೆ.

ಕ್ಯಾಮೆರಾ ಕೈಗೆ ಬಂತು. ಒತ್ತುವ ಬಟನ್ ಬಲಗಡೆ, ತೋರುಬೆರಳು ಇರುವವರಿಗೆ ಅಂತಲೇ ಮಾಡಿದ್ದು. ಮೇಜಿನ ಮೇಲೆ ಕುಕ್ಕಿ ಎದ್ದು ಬಂದೆ.

ಸೆಪ್ಟೆಂಬರ್ 10, ಮಂಗಳವಾರ

ತರಗತಿ ನಡೆಸುವ ಸೌಮ್ಯಾ ಮೇಡಂ ರೂಮಿಗೇ ಬಂದರು. ಪತ್ರಿಕೆಯಲ್ಲಿ ಫೋಟೋಗ್ರಾಫರ್ ಆಗಿದ್ದವರು. ಜಗಳ ಮಾಡಿಕೊಂಡು ಬಿಟ್ಟಿದ್ದಾರೆ. ಅದೊಂದು ಇಷ್ಟವಾಯಿತು.

"ನಿಮ್ಮ ಕರುಣೆ ನನಗೆ ಬೇಡ" ಅಂದೆ.

"ಕರುಣೆ ಯಾರ್ರೀ ತಂದಿರೋದು? ಕ್ಯಾಮೆರಾ ತಂದಿದ್ದೀನಿ. ತಲೆಕೆಳಗಾಗಿ ಹಿಡೀರಿ."

ಹಿಡಿದೆ. ಬಟನ್ ಎಡಗಡೆ ಕೆಳಗೆ ಬಂತು. ಎಡ ಹೆಬ್ಬೆರಳಿಗೆ ಸಿಕ್ಕಿತು. ಒತ್ತಿದೆ. ಟಕ್ ಅಂತು.

"ಫೋಟೋ ಉಲ್ಟಾ ಬರುತ್ತಲ್ಲ?"

"ಬರ್ಲಿ. ಕಂಪ್ಯೂಟರಲ್ಲಿ ತಿರುಗಿಸ್ಕೋಬಹುದು. ನಿಮ್ಮ ಕೈ ತಿರುಗ್ಸೋಕಾಗಲ್ಲ."

ಹೊಡೆಯಬೇಕು ಅನ್ನಿಸಿತು. ಚಹಾ ಮಾಡಿಕೊಟ್ಟೆ.

ಸೆಪ್ಟೆಂಬರ್ 15, ಭಾನುವಾರ

ಫೋಟೋ ಪ್ರಬಂಧ ಮಾಡಬೇಕಂತೆ. ಪ್ರಬಂಧ ಅಂದರೆ ನನಗೆ ನೆನಪಿರುವುದು ಶಾಲೆಯಲ್ಲಿ ಹಸುವಿನ ಮೇಲೆ ಬರೆದದ್ದು: ಹಸುವಿಗೆ ನಾಲ್ಕು ಕಾಲು, ಹಸು ಸಾಧು ಪ್ರಾಣಿ. ಒಂದೇ ಫೋಟೋ ಕಿರುಚಿದರೆ ಸಾಲದು, ಹಲವು ಫೋಟೋ ಸೇರಿ ಮಾತಾಡಬೇಕು, ಒಂದು ಬಾಗಿಲು ತೆಗೆದರೆ ಮುಂದಿನದು ಒಳಗೆ ಕರೆದೊಯ್ಯಬೇಕು ಅಂದರು ಮೇಡಂ. "ಕೊನೇ ಫೋಟೋ ಯಾವುದು ಅಂತ ಈಗ್ಲೇ ಗೊತ್ತಿದ್ರೆ ನೀವಿನ್ನೂ ನೋಡೋಕೇ ಶುರು ಮಾಡಿಲ್ಲ ಅಂತ ಅರ್ಥ."

ನನಗೆ ಗೊತ್ತಿದೆ. ಎತ್ತಿದ ಮುಷ್ಟಿ.

ವಿಷಯವೂ ಗೊತ್ತಿದೆ. ನಮ್ಮ ಕಂಪನಿ. ಪ್ರೆಸ್ಸಿಗೆ ಎರಡು ಬಟನ್. ಎರಡು ಕೈಯಿಂದ ಎರಡನ್ನೂ ಒತ್ತಿದರೆ ಮಾತ್ರ ಮೇಲಿನ ಅಚ್ಚು ಇಳಿಯಬೇಕು, ಆಗ ಯಾವ ಕೈಯೂ ಅಚ್ಚಿನ ಕೆಳಗಿರುವುದಿಲ್ಲ. ಆದರೆ ಹಾಗೆ ಮಾಡಿದರೆ ಪೀಸು ಕಡಿಮೆ. ಅದಕ್ಕೇ ಬಲಗಡೆಯ ಬಟನ್ನಿಗೆ ಮರದ ಬೆಣೆ ಬಡಿದು ಸದಾ ಒತ್ತಿಟ್ಟಿರುತ್ತಾರೆ. ಎಡಗೈ ಬಟನ್ ಒತ್ತುತ್ತದೆ, ಬಲಗೈ ತಗಡು ಇಡುತ್ತದೆ. ನಾನು ಸೇರಿದ ದಿನವೂ ಬೆಣೆ ಇತ್ತು. ಬಡಿದವನು ಸೂಪರ್‌ವೈಸರ್ ರುದ್ರೇಶ್.

ಕಂಪನಿ ಕಾರ್ಮಿಕ ಇಲಾಖೆಗೆ ಹೇಳಿರುವುದು ಇಷ್ಟು: ಬೆಣೆಯನ್ನು ಶೈಲಾ ತಾನೇ ಹಾಕಿಕೊಂಡಳು, ಬೇಕೆಂದೇ ನಿಯಮ ಮುರಿದಳು, ಆದ್ದರಿಂದ ಕೆಲಸದಿಂದ ತೆಗೆದಿದ್ದೇವೆ. ನವೆಂಬರಿನಲ್ಲಿ ವಿಚಾರಣೆ.

ಬೆರಳು ಹೋಯಿತು, ಸರಿ. ನನ್ನ ಬೆರಳನ್ನು ನಾನೇ ತಿಂದೆ ಅನ್ನುತ್ತಾರಲ್ಲ, ಅದನ್ನು ಹೇಗೆ ನುಂಗಲಿ?

ಸೆಪ್ಟೆಂಬರ್ 22, ಭಾನುವಾರ

ವಾರವಿಡೀ ತೆಗೆದದ್ದನ್ನು ತೋರಿಸಿದೆ. ಕಂಪನಿ ಗೇಟಿನ ಮುಂದೆ ಮುಷ್ಟಿ. ಬಸ್‌ಸ್ಟಾಪಿನಲ್ಲಿ ಮುಷ್ಟಿ. ಟೀ ಅಂಗಡಿಯಲ್ಲಿ ಒಂದು ಕೈಯಲ್ಲಿ ಗ್ಲಾಸು, ಇನ್ನೊಂದು ಮುಷ್ಟಿ.

ಸಂಘದವರ ಅಭ್ಯಾಸವೇ ಅದು. ಕ್ಯಾಮೆರಾ ಕಂಡರೆ ಕೈ ತಾನಾಗಿ ಮೇಲೇಳುತ್ತದೆ. ಮದುವೆ ಮಂಟಪದಲ್ಲೂ ಚಿಕ್ಕಬೈರಪ್ಪಣ್ಣ ಮುಷ್ಟಿ ಎತ್ತಿ ನಿಂತಿದ್ದಾನೆ, ಪಕ್ಕದಲ್ಲಿ ಹೆಂಡತಿ ನಾಚಿಕೊಂಡು ನಿಂತಿದ್ದಾಳೆ. ಮನೆ ಗೋಡೆಯ ಮೇಲಿದೆ ಫೋಟೋ.

ಮೇಡಂ ನೋಡಿದರು. "ಎಲ್ಲಾ ಪೋಸ್ಟರ್. ಇವರು ನಿಮಗೋಸ್ಕರ ಕೈ ಎತ್ತಿದ್ದಾರೆ. ಕೈ ಇಳಿಸಿದ ಮೇಲೆ ಎಲ್ಲಿಗೆ ಹೋದ್ರು?"

"ಹೋರಾಟ ಮಾಡೋರ ಬಗ್ಗೆ ತಮಾಷೆ ಮಾಡ್ಬೇಡಿ."

"ತಮಾಷೆ ಅಲ್ಲ ಕಣ್ರೀ. ಕೈ ಇಳಿಸಿದ ಮೇಲಿನದ್ದು ಬೇಕು ನನಗೆ."

ಹೊಟ್ಟೆ ತುಂಬಿದವರ ಮಾತು. ಮುಂದಿನ ವಾರ ಹೋಗುವುದಿಲ್ಲ.

ಸೆಪ್ಟೆಂಬರ್ 29, ಭಾನುವಾರ

ಹೋದೆ.

ಕೈ ಇಳಿಸಿದ ಮೇಲಿನದ್ದು ಬೇಕು ಅಂದರಲ್ಲ, ಹೊಳೆವ್ವಕ್ಕನ ಹಿಂದೆ ಬಿದ್ದೆ. ಬಾದಾಮಿ ಕಡೆಯವಳು, ನಮ್ಮ ಹಿಂದಿನ ಓಣಿಯಲ್ಲೇ ರೂಮು. ಗಂಡ ಬೆಳ್ಳಂದೂರಿನಲ್ಲಿ ಕಟ್ಟಡ ಕೆಲಸಕ್ಕೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ನನ್ನ ಪಕ್ಕದ ಪ್ರೆಸ್ಸಿನಲ್ಲಿದ್ದಳು. ನನ್ನ ಬೆರಳು ಹೋದ ಮಾರನೆಯ ದಿನ ಅವಳನ್ನು ನನ್ನ ಪ್ರೆಸ್ಸಿಗೆ ಹಾಕಿದರು. ಅವಳು ಕೂತಳು. ಅಂದಿನಿಂದ ನನ್ನನ್ನು ಕಂಡರೆ ಬೇರೆ ಓಣಿ ಹಿಡಿಯುತ್ತಾಳೆ.

ನಲ್ಲಿಯ ಹತ್ತಿರ ಸಿಕ್ಕಳು. ಕ್ಯಾಮೆರಾ ಎತ್ತಿದೆ. ಸೆರಗು ಮುಖಕ್ಕೆ ಎಳೆದುಕೊಂಡಳು.

"ನಂದ್ ತಗೀಬ್ಯಾಡ ತಂಗಿ."

"ಯಾಕೆ? ನನ್ನ ಪ್ರೆಸ್ಸಲ್ಲಿ ಕೂರೋಕೆ ನಾಚಿಕೆ ಆಗ್ಲಿಲ್ಲ, ಫೋಟೋಗೆ ಆಗುತ್ತಾ?"

ಕೊಡ ಅರ್ಧ ತುಂಬಿತ್ತು. ಅಷ್ಟಕ್ಕೇ ಎತ್ತಿಕೊಂಡು ಹೋದಳು. ನಾನು ಬೆನ್ನ ಹಿಂದಿನಿಂದ ತೆಗೆದೆ. ತೆಗೆದೇ ತೆಗೆದೆ.

ಅಕ್ಟೋಬರ್ 11, ಶುಕ್ರವಾರ. ಆಯುಧಪೂಜೆ

ಇವತ್ತು ಒಳಗೆ ಹೋದೆ.

ವರ್ಷಕ್ಕೆ ಇದೊಂದು ದಿನ ಪೀಣ್ಯದ ಗೇಟುಗಳೆಲ್ಲ ತೆರೆದಿರುತ್ತವೆ. ಬಾಳೆಕಂದು ಕಟ್ಟಿರುತ್ತಾರೆ, ಹೆಂಡತಿ ಮಕ್ಕಳು ಬಂದು ಯಂತ್ರ ನೋಡುತ್ತಾರೆ. ಪೂಜೆಗೆ ಬಂದವರನ್ನು ತಿರುಗಿಸಿ ಕಳಿಸಿದರೆ ವರ್ಷವಿಡೀ ಕೇಡು ಅನ್ನುತ್ತಾನೆ ಮಾಲೀಕ. ಕೈ ಕತ್ತರಿಸಿದರೆ ಕೇಡಿಲ್ಲ.

ಗೇಟಿನಲ್ಲಿ ರುದ್ರೇಶ್, ಇಸ್ತ್ರಿ ಮುರಿಯದ ಹೊಸ ಅಂಗಿ. ಕ್ಯಾಮೆರಾ ನೋಡಿದ. "ಇದ್ಯಾಕಮ್ಮಾ?"

"ನಾನು ಈಗ ದುಡಿಯೋದು ಇದ್ರಲ್ಲೇ. ಪೂಜೆಗೆ ಇಡ್ಬೇಕು."

ಆಯುಧವನ್ನು ಪೂಜೆಗೆ ತಂದವಳಿಗೆ ಹಬ್ಬದ ದಿನ ಏನು ಹೇಳುತ್ತಾನೆ? ಬಿಟ್ಟ.

ನನ್ನ ಪ್ರೆಸ್ಸು ಮದುಮಗಳ ಹಾಗಿತ್ತು. ಎಣ್ಣೆ ಜಿಡ್ಡು ಒರೆಸಿ ವಿಭೂತಿ ಎಳೆದು ಚೆಂಡುಹೂವಿನ ಹಾರ ಹಾಕಿದ್ದರು. ಹೊಳೆವ್ವಕ್ಕ ಕುಂಕುಮದ ಬಟ್ಟಲು ಹಿಡಿದು ಹಚ್ಚುತ್ತಿದ್ದಳು. ಅಚ್ಚಿಗೆ, ಸ್ಪ್ಯಾನರಿಗೆ, ಮೂಲೆಯ ಪೊರಕೆಗೆ. ನಾನು ಕ್ಯಾಮೆರಾವನ್ನು ಪ್ರೆಸ್ಸಿನ ಬುಡದಲ್ಲಿಟ್ಟೆ. ಅವಳು ನನ್ನ ಮುಖ ನೋಡದೆ ಅದಕ್ಕೂ ಒಂದು ಬೊಟ್ಟು ಇಟ್ಟಳು.

ನನ್ನ ಬೆರಳು ಬಿದ್ದ ಜಾಗದಲ್ಲಿ ರಂಗೋಲಿ ಹಾಕಿದ್ದರು. ಬಣ್ಣ ತುಂಬಿದ ತಾವರೆ.

ಮಾಲೀಕ ರೇಷ್ಮೆ ಪಂಚೆಯಲ್ಲಿ ಬಂದ. ನನ್ನನ್ನು ನೋಡಿ ತಬ್ಬಿಬ್ಬಾದ, ಆಮೇಲೆ ನಕ್ಕ. "ಓ, ಶೈಲಾ! ಕೇಸು ಕೇಸಿನ ಪಾಡಿಗೆ, ಹಬ್ಬ ಹಬ್ಬದ ಪಾಡಿಗೆ, ಅಲ್ವೇನಮ್ಮಾ? ಆರತಿ ಎತ್ತೋವಾಗ ನಂದೊಂದು ತೆಗಿ. ಚೆನ್ನಾಗಿ ಬರ್ಬೇಕು."

ಆಸ್ಪತ್ರೆಗೆ ಬಂದಾಗಲೂ ಹೀಗೇ ನಕ್ಕಿದ್ದ. "ಇಷ್ಟು ದೊಡ್ಡ ಕೆಲ್ಸದಲ್ಲಿ ಒಂದಿಬ್ರಿಗೆ ಹಿಂಗಾಗುತ್ತೆ" ಅಂದಿದ್ದ.

ಕ್ಯಾಮೆರಾ ತಲೆಕೆಳಗಾಗಿ ಹಿಡಿದೆ. ರುದ್ರೇಶ್ ಹಲ್ಲು ಕಿಸಿದ. "ಉಲ್ಟಾ ಹಿಡಿದಿದ್ದಾಳೆ ನೋಡಿ ಸಾರ್!" ಎಲ್ಲರೂ ನಕ್ಕರು. ಒತ್ತಿದೆ.

ಮಿಠಾಯಿ ಡಬ್ಬಿ ಕೊಟ್ಟರು. ಹೊರಗೆ ಬಂದು ಕುಂಬಳಕಾಯಿ ಒಡೆದ ಜಾಗದಲ್ಲಿ ಬಿಸಾಕಿದೆ.

ಅಕ್ಟೋಬರ್ 13, ಭಾನುವಾರ

ಸಿಕ್ಕಿತು! ಸಿಕ್ಕಿತು!

ಮಾಲೀಕನ ಫೋಟೋ ಅಳಿಸಲು ಹೊರಟಿದ್ದೆ. ಆರತಿ ತಟ್ಟೆ ಹಿಡಿದು ದೇವರ ಹಾಗೆ ಹೊಳೆಯುತ್ತಾನೆ ಸೂಳೆಮಗ. ಅವನಿಗೆ ಬಿಟ್ಟಿ ಪ್ರಚಾರ ಯಾಕೆ? ಮೇಡಂ ತಡೆದರು. "ಕೋಪ ಬಂದ ಫೋಟೋನ ಮೊದಲು ಮೂಲೆಗಳಿಂದ ನೋಡಿ. ಆಮೇಲೆ ಅಳಿಸಿ."

ಕಂಪ್ಯೂಟರಿನಲ್ಲಿ ಅದನ್ನಿನ್ನೂ ತಿರುಗಿಸಿರಲಿಲ್ಲ. ಮಾಲೀಕ ತಲೆಕೆಳಗಾಗಿ ನೇತಾಡುತ್ತಿದ್ದ. ಮುಖ ಮುಖದ ಹಾಗಿಲ್ಲದ ಕಾರಣ ಕಣ್ಣು ಬೇರೆ ಕಡೆ ಹೋಯಿತು. ಮೂಲೆಯಲ್ಲಿ ಒಂದು ಕೆಂಪು ಚುಕ್ಕೆ. ಪ್ರೆಸ್ಸಿನ ಬಲಗಡೆಯ ಬಟನ್. ಬಟನ್ನಿನ ಸಂದಿಯಲ್ಲಿ ಬೆಣೆ. ಬೆಣೆಯ ಮೇಲೆ ಅರಿಶಿನ, ಅದರ ನಡುವೆ ಕುಂಕುಮ. ಹಚ್ಚುತ್ತಿರುವ ಬೆರಳೂ ಬಂದಿದೆ, ಬೆರಳಿನ ಹಿಂದೆ ಹೊಳೆವ್ವಕ್ಕನ ಮುಖವೂ. ಅದಕ್ಕೆ ಮಾಲೀಕ ಆರತಿ ಎತ್ತುತ್ತಿದ್ದಾನೆ.

ನಾನೇ ಹಾಕಿಕೊಂಡ ಬೆಣೆಯಂತೆ! ನನ್ನನ್ನು ಗೇಟಿನಿಂದ ಹೊರಹಾಕಿ ಮೂರು ತಿಂಗಳಾಯಿತು. ಬೆಣೆ ಅಲ್ಲೇ ಇದೆ. ಪೂಜೆಯೂ ಆಗಿದೆ.

ಕುಣಿಯುತ್ತಿದ್ದೆ. ಮೇಡಂ ಕುಣಿಯಲಿಲ್ಲ. ಹೊಳೆವ್ವಕ್ಕನ ಮುಖದ ಮೇಲೆ ಬೆರಳಿಟ್ಟು, "ಇವರನ್ನ ಕೇಳಿದ್ರಾ?" ಅಂದರು.

"ನನ್ನ ಬೆರಳು ತೆಗೆಯೋವಾಗ ಯಾರು ಕೇಳಿದ್ರು?"

"ಮಲ್ಲಿಕ್ ನಿಮ್ಮನ್ನ ಕೇಳಿದ್ನಾ?"

ಬ್ಯಾಗು ಎತ್ತಿಕೊಂಡು ಬಂದೆ. ಆ ಹೆಸರನ್ನು ಯಾಕೆ ತರಬೇಕಿತ್ತು?

ಅಕ್ಟೋಬರ್ 14, ಸೋಮವಾರ

ಕೇಳಿದೆ. ಇನ್ನೇನು ಬೇಕು?

ಹೊಳೆವ್ವಕ್ಕ ರೊಟ್ಟಿ ಬಡಿಯುತ್ತಿದ್ದಳು. ಫೋಟೋ ಮುಂದೆ ಹಿಡಿದೆ. "ನನ್ನ ಬೆರಳು ತಿಂದ ಬೆಣೆಗೆ ಕುಂಕುಮ ಇಟ್ಯಲ್ಲ ಅಕ್ಕ!"

ಹಿಟ್ಟಿನ ಕೈಯಲ್ಲೇ ನೋಡಿದಳು. "ದುಡಿಯೂ ಸಾಮಾನ ಯಾವ್ದೂ ಬಿಡಬಾರದಂತ ನಮ್ಮವ್ವ ಹೇಳ್ಯಾಳ. ಕಸಾ ಹೊಡಿಯೂ ಬಾರಿಗಿಗೂ ಹಚ್ಚೇನಿ. ಇದೂ ದಿನಾ ದುಡೀತೈತಿ. ಹಚ್ಚೇನಿ."

"ಕಿತ್ತು ಬಿಸಾಕ್ಬೇಕಿತ್ತು."

"ಕಿತ್ತಿದ್ದೆ. ರುದ್ರೇಶ್ ಸಾಹೇಬ ತಿರುಗಿ ಬಡದು ಹ್ವಾದ. ಇನ್ನೊಮ್ಮೆ ಕಿತ್ತಿದಿ ಅಂದ್ರ ನಿನ್ನ ಕೀಳತೇನಿ ಅಂದ."

"ಹಂಗಾದ್ರೆ ವಿಚಾರಣೇಲಿ ಬಂದು ಹೇಳು."

"ಬರಂಗಿಲ್ಲ ತಂಗಿ. ಈ ವಯಸ್ಸಿನ್ಯಾಗ ಬ್ಯಾರೆ ಯಾ ಗೇಟಿನ್ಯಾಗ ನನ್ನ ತಗೋತಾರ? ಈ ಫೋಟೋ ತೋರ್ಸಬ್ಯಾಡ."

ಹೇಡಿ ಅಂದೆ. ಬೆಣೆ ನೀನೇ ಅಂದೆ. ಅವಳು ಒಂದು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ತೆಗೆದುಕೊಳ್ಳಲಿಲ್ಲ.

ಚಿಕ್ಕಬೈರಪ್ಪಣ್ಣನಿಗೆ ತೋರಿಸಿದೆ. ತೊಡೆ ತಟ್ಟಿದ. "ಗೋಡೆಯಷ್ಟು ದೊಡ್ಡದು ಮಾಡಿ ಆಕ್ಬಿಡು ಮಗಾ! ಆಯಮ್ಮನ ಕೆಲ್ಸ ಓಗ್ಬೋದು, ಓಗ್ಲಿ. ಇಷ್ಟು ದೊಡ್ಡ ಓರಾಟದಾಗೆ ಒಂದಿಬ್ರಿಗೆ ಇಂಗಾಗ್ತದೆ."

ಸರಿಯಾಗಿಯೇ ಹೇಳಿದ. ಹಾಕುತ್ತೇನೆ.

ಅದೇ ದಿನ, ಸಂಜೆ

ಒಂದಿಬ್ಬರಿಗೆ. ಆಸ್ಪತ್ರೆಯಲ್ಲೂ ಇದನ್ನೇ ಕೇಳಿದ್ದೆ.

ಅಕ್ಟೋಬರ್ 19, ಶನಿವಾರ

ಕತ್ತರಿಸಿದೆ. ಕಂಪ್ಯೂಟರಿನಲ್ಲಿ ಮೂಲೆಯಿಂದ ಗೆರೆ ಎಳೆದು ಹೊಳೆವ್ವಕ್ಕನನ್ನು ತೆಗೆದುಬಿಟ್ಟೆ. ಮುಖ ಹೋಯಿತು. ಬಳೆ ಗುರುತು ಹಿಡಿಯುತ್ತಾರೆ ಅಂತ ಕೈಯೂ ಹೋಯಿತು. ಬೆಣೆಯ ಮೇಲೆ ಬೆರಳ ತುದಿ ಮಾತ್ರ ಉಳಿದಿದೆ. ಅಷ್ಟೂ ತೆಗೆದರೆ ಕುಂಕುಮವೂ ಹೋಗುತ್ತದೆ.

ಬೆನ್ನ ಹಿಂದಿನಿಂದ ತೆಗೆದ ನಲ್ಲಿಯ ಫೋಟೋಗಳನ್ನೂ ಅಳಿಸಿದೆ. ಚೆನ್ನಾಗಿರಲಿಲ್ಲ.

ಈಗ ಯಾರಿಗೂ ತೊಂದರೆಯಿಲ್ಲ. ಆದರೂ ಇಷ್ಟು ಸಿಟ್ಟು ಯಾಕೆ ಬರುತ್ತಿದೆಯೋ ತಿಳಿಯದು. ಪಕ್ಕದ ರೂಮಿನ ಟಿವಿಯ ಮೇಲೆ ಕೂಗಾಡಿದೆ.

ಅಕ್ಟೋಬರ್ 27, ಭಾನುವಾರ

ಬಾಗಲಗುಂಟೆ ಬಸ್‌ಸ್ಟಾಪಿನ ಹಿಂದೆ ಹಗ್ಗ ಕಟ್ಟಿ, ಬಟ್ಟೆಗೆ ಹಾಕುವ ಕ್ಲಿಪ್ಪು ಹಾಕಿ, ಎಲ್ಲರ ಪ್ರಬಂಧಗಳನ್ನೂ ತೂಗುಹಾಕಿದೆವು. ನನ್ನದು ಗೇಟಿನ ಬಾಳೆಕಂದಿನಿಂದ ಶುರು. ಹೆಗಲ ಮೇಲೆ ಮಗು ಕೂರಿಸಿಕೊಂಡು ಯಂತ್ರ ತೋರಿಸುವ ಅಪ್ಪ. ಪೊರಕೆಯ ಮೇಲಿನ ಕುಂಕುಮ. ತಾವರೆ ರಂಗೋಲಿ. ಆಮೇಲೆ ಆರತಿ. ಕೊನೆಯ ಕ್ಲಿಪ್ಪಿನಲ್ಲಿ ಏನೂ ಇಲ್ಲ. ಮುಷ್ಟಿಯ ಫೋಟೋ ಹಾಕಿ ನೋಡಿದೆ, ಒಪ್ಪಲಿಲ್ಲ, ತೆಗೆದೆ.

ಮಲ್ಲಿಕ್ ಬಂದ. "ವಾವ್" ಅಂದ. ನನ್ನ ಕೈಯ ಫೋಟೋವನ್ನು ಅವರ ಕಂಪನಿಯ ವರದಿಯ ಮುಖಪುಟಕ್ಕೆ ಹಾಕಲಾ ಅಂದ. "ಮುಖ ಬೇಕಾದ್ರೆ ಬಾ, ಕೂತು ಮಾತಾಡೋಣ. ಬರೀ ಕೈ ಬೇಕಾದ್ರೆ ನಿನ್ನದೇ ತೆಗೆದುಕೋ" ಅಂದೆ.

ಸಂಜೆ ಹೊಳೆವ್ವಕ್ಕ ತರಕಾರಿ ಚೀಲ ಹಿಡಿದು ಬಂದಳು. ಒಂದೊಂದೇ ನೋಡುತ್ತ ಬಂದು ಆರತಿಯ ಮುಂದೆ ನಿಂತಳು.

"ನನ್ನ ಕೈ ಎಲ್ಲೈತಿ?"

"ತೆಗೆದೆ ಅಕ್ಕ. ನಿಂಗೆ ತೊಂದ್ರೆ ಆಗ್ಬಾರ್ದು ಅಂತ."

"ಯಾರನ್ನ ಕೇಳಿ ತಗದಿ?"

ನಾನು ಫೋಟೋದ ಕ್ಲಿಪ್ಪು ಸರಿಮಾಡತೊಡಗಿದೆ.

"ತೋರ್ಸಬ್ಯಾಡ ಅಂದೆ. ತೋರ್ಸಬ್ಯಾಡ ಅಂದ್ರ ತೋರ್ಸಬಾರದು. ಕಡಿ ಅಂದೆನೇನು?" ಫೋಟೋದ ಅಂಚಿಗೆ, ಕೈ ಇರಬೇಕಾದ ಕಡೆ, ತನ್ನ ಕೈಯನ್ನು ಹಿಡಿದಳು. ಅಲ್ಲಿ ಬರೀ ಹಗ್ಗ. "ನೋಡು. ಬೆರಳ ತುದಿ ಒಂದs ಬಿದ್ದೈತಿ ಅಲ್ಲೆ. ನಿನ್ನ ಬೆರಳು ಹೀಂಗs ಬಿದ್ದಿತ್ತು. ನಾನs ಆರಿಸಿದೆ ಅವನ್ನ, ಗೊತ್ತೇನು ನಿನಗ? ನನ್ನ ಸೆರಗಿನ್ಯಾಗ."

ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ.

ಸುತ್ತ ಜನ ನಿಂತಿದ್ದರು. ಅವಳು ಚೀಲ ಕೆಳಗಿಟ್ಟಳು. "ತಗಿ ಇದನ್ನ. ಹಾಕೂದಾದ್ರ ಪೂರ್ತಿ ಹಾಕು. ಕೈ, ಮಾರಿ ಸೈತ."

"ಕೆಲ್ಸ ಹೋಗುತ್ತೆ ಅಕ್ಕ."

"ಅದರ ಚಿಂತಿ ನಂದು. ನಿಂದಲ್ಲ."

ಕ್ಲಿಪ್ಪು ತೆಗೆದೆ. ಫೋಟೋ ಹರಿದೆ. ಹಗ್ಗದಲ್ಲಿ ಆ ಜಾಗ ಖಾಲಿಯಾಯಿತು. ಹೊಳೆವ್ವಕ್ಕ ಮುಖ ತಿರುಗಿಸಿಕೊಂಡೇ ಚೀಲದಿಂದ ಒಂದು ಸೌತೆಕಾಯಿ ಮುರಿದು ಅರ್ಧ ಕೊಟ್ಟಳು. ತಿಂದೆ.

ನವೆಂಬರ್ 6, ಬುಧವಾರ

ವಿಚಾರಣೆ. ಮೇಜಿನ ಒಂದು ಕಡೆ ಮಾಲೀಕ, ಅವನ ವಕೀಲ, ರುದ್ರೇಶ್. ಈ ಕಡೆ ನಾನು, ಚಿಕ್ಕಬೈರಪ್ಪಣ್ಣ, ಹೊಳೆವ್ವಕ್ಕ. ಅವಳು ಹಬ್ಬದ ಸೀರೆ ಉಟ್ಟು ಬಂದಿದ್ದಳು.

ಪೂರ್ತಿ ಫೋಟೋ ಇಟ್ಟೆ. ವಕೀಲ, "ಇದು ಹಬ್ಬದ ಅಲಂಕಾರ ಸಾರ್" ಅಂದ.

ಅಧಿಕಾರಿ ಹೊಳೆವ್ವಕ್ಕನ ಕಡೆ ತಿರುಗಿದ. "ಇದು ನೀವೇನಮ್ಮಾ?"

"ಹೂಂ ಸಾಹೇಬ್ರ. ಕೈನೂ ನಂದು, ಮಾರಿನೂ ನಂದು. ಕಟಿಗಿ ಮಾತ್ರ ಅವರದು."

ರುದ್ರೇಶ್ ಎದ್ದ. ಕೂರು ಅಂದ ಅಧಿಕಾರಿ. ಆಮೇಲೆ ಮಾಲೀಕನನ್ನು ಕೇಳಿದ. "ಆರತಿ ಯಾವುದಕ್ಕೆ ಎತ್ತುತ್ತಿದ್ದೀರಿ?"

"ಯಂತ್ರಕ್ಕೆ ಸಾರ್. ಅನ್ನ ಕೊಡೋ ಯಂತ್ರ."

"ಈ ಬೆಣೆ ಯಂತ್ರದ ಭಾಗಾನಾ?"

ಮಾಲೀಕ ವಕೀಲನ ಮುಖ ನೋಡಿದ. ವಕೀಲ ಫ್ಯಾನು ನೋಡಿದ.

ಬೆಣೆ ಕಂಪನಿಯದ್ದೇ, ಕಾರ್ಮಿಕಳ ತಪ್ಪಲ್ಲ ಅಂತ ದಾಖಲು ಮಾಡಿದರು. ಕೆಲಸಕ್ಕೆ ವಾಪಸ್ ತೆಗೆದುಕೊಳ್ಳುವ ಆದೇಶ ಇನ್ನೂ ಬರಬೇಕಂತೆ. ಚಿಕ್ಕಬೈರಪ್ಪಣ್ಣ ಮೆಟ್ಟಿಲ ಮೇಲೇ ಘೋಷಣೆ ಕೂಗಿದ. ನಾನು ಕೂಗಲಿಲ್ಲ. ಹೊಳೆವ್ವಕ್ಕನ ಜೊತೆ ಬಸ್‌ಸ್ಟಾಪಿಗೆ ನಡೆದೆ.

ನವೆಂಬರ್ 8, ಶುಕ್ರವಾರ

ಹೊಳೆವ್ವಕ್ಕನನ್ನು ಗೇಟಿನಲ್ಲೇ ನಿಲ್ಲಿಸಿದ್ದಾರೆ. ಇನ್ನು ಮುಂದೆ ಬರಬೇಡವಂತೆ. ಕಾರಣ ಹೇಳುವುದಿಲ್ಲವಂತೆ.

ನಾಯಿಗಳು.

ಸೋಮವಾರ ಅವಳು ಗೇಟಿನ ಮುಂದೆ ಕೂರುತ್ತಾಳಂತೆ. ಅವಳೇ ಅಂದದ್ದು, ನಾನು ಹೇಳಿಕೊಟ್ಟದ್ದಲ್ಲ. ನಾನೂ ಕೂರುತ್ತೇನೆ.

ನವೆಂಬರ್ 11, ಸೋಮವಾರ

ಕೂತೆವು. ರೊಟ್ಟಿ ಬುತ್ತಿ ಅವಳದು, ನೀರು ನನ್ನದು. ಬಿಸಿಲು ಏರುತ್ತಿತ್ತು. ಒಳಗೆ ಪ್ರೆಸ್ಸುಗಳ ಸದ್ದು ದಬದಬ ಬರುತ್ತಲೇ ಇತ್ತು. ಹೊಳೆವ್ವಕ್ಕ ಕಣ್ಣು ಮುಚ್ಚಿ ಕೇಳುತ್ತಿದ್ದಳು. "ನಿನ್ನ ಪ್ರೆಸ್ಸು ಅದು. ಯಾವಳೋ ಹೊಸಾಕಿ ಕುಂತಾಳ. ಭಾಳ ಅವಸರ ಮಾಡ್ತಾಳ."

ಊಟದ ಗಂಟೆಗೆ ಮುಂಚೆಯೇ ಸದ್ದು ನಿಧಾನವಾಯಿತು. ಒಂದು ಪ್ರೆಸ್ಸು. ಆಮೇಲೆ ಇನ್ನೊಂದು. ನಿಂತಿರಲಿಲ್ಲ, ನಿಧಾನವಾಗಿತ್ತು. ರುದ್ರೇಶ್ ಕೂಗಾಡುವುದು ಕೇಳಿಸಿತು.

ಗಂಟೆ ಹೊಡೆಯಿತು. ಹೆಂಗಸರು ಗೇಟಿಗೆ ಬಂದರು. ಎಲ್ಲರಿಗಿಂತ ಮುಂದೆ ಆ ಹೊಸಬಳು, ಹೆಸರೂ ಗೊತ್ತಿಲ್ಲ ನಮಗೆ. ಕಂಬಿಯ ಸಂದಿಯಿಂದ ಕೈ ಹೊರಚಾಚಿ ಹೊಳೆವ್ವಕ್ಕನ ಉಡಿಗೆ ಏನೋ ಹಾಕಿದಳು. ಬೆಣೆ. ಅರಿಶಿನ ಹೋಗಿತ್ತು, ಕುಂಕುಮ ಎಣ್ಣೆಗೆ ಕಪ್ಪಾಗಿತ್ತು. ಅವಳ ಹಿಂದೆ ಇನ್ನೊಬ್ಬಳು, ಅವಳ ಕೈಯಲ್ಲೂ ಬೆಣೆ. ಅವಳ ಹಿಂದೆ ಇನ್ನೂ. ಸದ್ದು ನಿಧಾನವಾದದ್ದು ಅದಕ್ಕೇ.

ಕ್ಯಾಮೆರಾ ತಲೆಕೆಳಗಾಗಿ ಎತ್ತಿದೆ. ರುದ್ರೇಶ್ ಓಡಿಬಂದ. "ಏಯ್, ಫೋಟೋ ತೆಗೀಬೇಡ!"

"ನಿನ್ನದಲ್ಲ. ಆಚೆ ನಿಲ್ಲು" ಅಂದೆ. ಹೆಂಗಸರನ್ನು ಕೇಳಿದೆ. "ಮುಖ ಬರ್ಲಾ?"

ಒಬ್ಬಳು ಸೆರಗು ಮುಚ್ಚಿಕೊಂಡಳು. ಇನ್ನೊಬ್ಬಳು ಅತ್ತ ತಿರುಗಿದಳು. ಅವರು ಪಕ್ಕಕ್ಕೆ ಸರಿಯುವವರೆಗೆ ಕಾದೆ. ಹೊಸಬಳು ಕದಲಲಿಲ್ಲ. ಹೊಳೆವ್ವಕ್ಕ ಉಡಿ ಹಿಡಿದು ಎದ್ದು ನಿಂತಳು. "ನನ್ನ ಮಾರಿ ಬಿಟ್ಟು ತಗದಿ ಅಂದ್ರ ನೋಡು ಮತ್ತ."

ಆಗಲೇ ಚಿಕ್ಕಬೈರಪ್ಪಣ್ಣ ಬೈಕು ನಿಲ್ಲಿಸಿ ಓಡಿಬಂದ. ಕ್ಯಾಮೆರಾ ಕಂಡದ್ದೇ ತಡ, ಹಿಂದಿನಿಂದ ಕೂಗಿದ. "ಕೈ ಎತ್ರವ್ವಾ! ಮುಷ್ಟಿ, ಮುಷ್ಟಿ!"

ಯಾರೂ ಎತ್ತಲಿಲ್ಲ. ಎಲ್ಲರ ಕೈಯಲ್ಲೂ ಬೆಣೆ ಇತ್ತು.

ಒತ್ತಿದೆ.